ಹೇಳಿ ಮಾರುವ ಲಿಂಬೆ

ನಮ್ಮಕ್ಕ ಮಾಡುವ ಮಾಲು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮಾರುವ ಕೆಲಸ ನನ್ನದು. ಕಂಪನಿಯ ಮಾರಾಟದ ಮುಖ್ಯಸ್ಥ, ಡ್ರೈವರ್, ಹಮಾಲ ಮೂರೂ ನಾನೇ ಆಗಿರುವುದರಿಂದ ನಮ್ಮಲ್ಲಿ ನೌಕರರ ನಡುವೆ ಜಗಳವಿಲ್ಲ. ಮೂವರೂ ಒಟ್ಟಿಗೇ ಬೈಸಿಕೊಳ್ಳುತ್ತೇವೆ.

ಅಕ್ಕ ಓದಿದ್ದು ವಸ್ತುಗಳನ್ನು ನ್ಯಾನೋ ಗಾತ್ರಕ್ಕೆ ಒಡೆಯುವ ವಿದ್ಯೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದಾಗಿ ಒಡೆದರೆ ಅದೇ ವಸ್ತು ಬೇರೆ ರೀತಿ ನಡೆದುಕೊಳ್ಳುತ್ತದಂತೆ. ನಮ್ಮ ಊರು ಇಂಡಿ. ಸುತ್ತಲೂ ಲಿಂಬೆ ತೋಟ. ಗಿಡದಿಂದ ಕಿತ್ತ ಲಿಂಬೆ ಸಿಪ್ಪೆಯ ಮೂಲಕ ನೀರು ಬಿಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ದೂರದ ಊರಿಗೆ ಹೊರಟ ಲಾರಿಯಲ್ಲಿ ಅರ್ಧ ದಾರಿಗೇ ಅದರ ಮುಖ ನಮ್ಮ ಓಣಿಯ ಹಿರಿಯರ ಮುಖದಂತಾಗುತ್ತದೆ. ಜೇನುಮೇಣ ಮತ್ತು ಅಡುಗೆ ಎಣ್ಣೆಯನ್ನು ನೀರಿನಲ್ಲಿ ನ್ಯಾನೋ ಹನಿಗಳಾಗಿ ಒಡೆದು, ಆ ನೀರಿನಲ್ಲಿ ಲಿಂಬೆ ಅದ್ದಿ ತೆಗೆದರೆ ಸಿಪ್ಪೆಯ ಮೇಲೆ ಕಾಣದ ಪದರವೊಂದು ಕೂರುತ್ತದೆ. ನೀರು ಒಳಗೇ ಉಳಿಯುತ್ತದೆ. ಇದು ಅಕ್ಕನ ಉದ್ಯಮ.

ಒಡೆಯುವ ಯಂತ್ರ ಅವಳು ಸಂಶೋಧನೆ ಮಾಡಿದ ಕಾಲೇಜಿನದು. ಸ್ವಲ್ಪ ಕಾಲದ ಮಟ್ಟಿಗೆ ಕೊಟ್ಟಿದ್ದರು. ಅದನ್ನು ಇಟ್ಟಿದ್ದು ಬಸವನ ಬಾಗೇವಾಡಿಯಲ್ಲಿ, ನಮ್ಮ ಸೋದರಮಾವನ ಹಳೆಯ ಎಣ್ಣೆ ಗಾಣದ ಷೆಡ್ಡಿನಲ್ಲಿ. ಮಾವ ಮೊದಲ ದಿನ ಯಂತ್ರದ ಸುತ್ತ ಪ್ರದಕ್ಷಿಣೆ ಹಾಕಿ ಕೇಳಿದ: "ಇದರಾಗಿಂದ ಏನ್ ಬರತೈತವ್ವಾ?"

"ಹಾಲಿನಂಥ ನೀರು ಮಾಮಾ. ಅದರಾಗ ಮೇಣದ ಹನಿ ಇರ್ತಾವ."

"ಎಲ್ಲಿ ಅದಾವ? ನನಗೊಂದೂ ಕಾಣವಲ್ದು."

"ಹಾಲಿನಾಗ ಬೆಣ್ಣಿ ಐತಿಲ್ಲೊ? ಅದು ಕಾಣತೈತೇನು?"

ಮಾವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ. "ಹಂಗಾದ್ರ ಹೆಪ್ಪು ಹಾಕಿದ್ರ ಮೊಸರಾಗತೈತೇನು?"

ಅಂದಿನಿಂದ ನಾನು ಎಲ್ಲಿ ಹೋದರೂ ಮಾವನ ಈ ಪ್ರಶ್ನೆಯನ್ನು ಮಾವನದೇ ದನಿಯಲ್ಲಿ, ಮೂಗಿನ ಮೇಲೆ ಕನ್ನಡಕ ಜಾರಿಸಿ, ಕೇಳಿ ತೋರಿಸುತ್ತೇನೆ. ಜನ ನಗುತ್ತಾರೆ. ನಕ್ಕವರು ಮಾಲು ಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ. ಕಾಲೇಜಿನಲ್ಲಿ ಪ್ರಾಂಶುಪಾಲರಿಂದ ಹಿಡಿದು ಬಸ್ ಕಂಡಕ್ಟರ್ ತನಕ ಎಲ್ಲರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿದವನು ನಾನು. ಪದವಿಯ ಅಂಕಪಟ್ಟಿಯನ್ನು ಮಾತ್ರ ಯಾರ ದನಿಯಲ್ಲಿ ಓದಿದರೂ ಅಂಕ ಹೆಚ್ಚಾಗಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಮುಂದಿದ್ದ ಪ್ರಶ್ನೆ ಒಂದೇ. ಹೊಸ ತಂತ್ರಜ್ಞಾನದ ಸಣ್ಣ ಉದ್ಯಮಗಳಿಗೆ ಸರ್ಕಾರದ ಒಂದು ನೆರವಿನ ಯೋಜನೆ ಬಂದಿತ್ತು. ಅದರಲ್ಲಿ ಆಯ್ಕೆಯಾದರೆ ಅಕ್ಕನ ಲೇಪಕ್ಕೆ ಸುರಕ್ಷತಾ ಪರೀಕ್ಷೆಯನ್ನು ಅವರೇ ತಮ್ಮ ಪ್ರಯೋಗಾಲಯದಲ್ಲಿ ಮಾಡಿಸಿಕೊಡುತ್ತಾರೆ. ಮೇಣ ತಿನ್ನಬಹುದು, ಎಣ್ಣೆ ತಿನ್ನಬಹುದು, ಆದರೆ ನ್ಯಾನೋ ಗಾತ್ರದಲ್ಲಿ ಹೊಟ್ಟೆಗೆ ಹೋದಾಗ ಏನು ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಅದನ್ನು ಸ್ವಂತಕ್ಕೆ ಮಾಡಿಸುವ ತಾಕತ್ತು ನಮಗಿರಲಿಲ್ಲ. ಪರೀಕ್ಷೆ ಇಲ್ಲದೆ ಒಂದು ಲಿಂಬೆಯನ್ನೂ ಮಾರುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಯೋಜನೆಯ ಷರತ್ತು: 'ಪರೀಕ್ಷೆ ಪಾಸಾದರೆ ನಾನು ಇದನ್ನು ಬಳಸುತ್ತೇನೆ' ಎಂದು ಒಬ್ಬ ನಿಜವಾದ ಬಳಕೆದಾರ ಒಪ್ಪಬೇಕು. ಸಮಿತಿ ಮುದ್ದೇಬಿಹಾಳದಲ್ಲಿ ಸಭೆ ಸೇರುವುದರೊಳಗೆ ಅಂಥ ಒಬ್ಬರು ಸಿಗದಿದ್ದರೆ ಯಂತ್ರ ವಾಪಸ್ ಕಾಲೇಜಿಗೆ, ಅಕ್ಕ ಯಾವುದೋ ಕಾಲೇಜಿನ ಅತಿಥಿ ಉಪನ್ಯಾಸಕಿ, ನಾನು ಮತ್ತೆ ಮನೆಯಲ್ಲಿ ಅವ್ವನ ಬೈಗುಳದ ಏಕೈಕ ಗ್ರಾಹಕ.

ಮೊದಲು ನಿಯಮ ತಿಳಿದುಕೊಳ್ಳೋಣ ಎಂದು ಕಚೇರಿಗಳಿಗೆ ಹೋದೆವು. ಒಂದು ಕಚೇರಿಯ ಸಾಹೇಬರು ಒಳ್ಳೆಯವರು, ಚಹಾ ತರಿಸಿದರು. "ನೋಡ್ರಿ ಮೇಡಂ, ಮೇಣಕ್ಕ ನಿಯಮ ಐತಿ. ಎಣ್ಣಿಗೂ ಐತಿ. ಆದ್ರ ನೀವು ಅದನ್ನ ಭಾಳ ಸಣ್ಣದು ಮಾಡೀರಿ. ಅಷ್ಟು ಸಣ್ಣದಕ್ಕ ನಿಯಮ ಇನ್ನೂ ಪೂರಾ ಆಗಿಲ್ರಿ."

"ಹಂಗಾದ್ರ ಜರಾ ದೊಡ್ಡದು ಮಾಡಿಕೊಂಡು ಬರೂಣೇನ್ರಿ?" ಎಂದೆ ನಾನು.

ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಸಾಹೇಬರು ನಗಲಿಲ್ಲ, ನಿಜವಾಗಿಯೂ ಯೋಚಿಸಿದರು. "ಅದೂ ಒಂದ್ ದಾರಿನ ಐತಿ," ಎಂದರು. ನಾನು ತಮಾಷೆ ಮಾಡಿದರೆ ಅಧಿಕಾರಿಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ, ಗಂಭೀರವಾಗಿ ಹೇಳಿದರೆ ನಗುತ್ತಾರೆ. ಇದು ನನ್ನ ಜಾತಕ.

ಬಳಕೆದಾರನನ್ನು ಹುಡುಕುತ್ತಾ ಇಂಡಿಯ ಮಾರುಕಟ್ಟೆ ಅಂಗಳಕ್ಕೇ ಹೋದೆವು. ಅಲ್ಲಿ ಲಿಂಬೆ ವ್ಯವಹಾರದ ದೊಡ್ಡ ಸಾಹುಕಾರರೊಬ್ಬರಿದ್ದಾರೆ. ಅವರ ಅಂಗಡಿಯ ಮುಂದೆ ದಿನಾ ರಾಶಿ ಬೀಳುತ್ತದೆ, ಲಿಲಾವು, ಅಂದರೆ ಹರಾಜು, ನಡೆಯುತ್ತದೆ. ಅವರು ಕೂಗುವಾಗ ಕೊನೆಯ ಅಕ್ಷರವನ್ನು ಮೂಗಿನಲ್ಲಿ ಎಳೆಯುತ್ತಾರೆ. ನಾನು ಅವರೆದುರೇ ಅವರ ಕೂಗನ್ನು ಕೂಗಿ ತೋರಿಸಿದೆ. ಹಮಾಲರು ಬಿದ್ದು ಬಿದ್ದು ನಕ್ಕರು.

"ಭೇಷ್!" ಎಂದರು ಸಾಹುಕಾರರು. "ನಾ ಊರಿಗೆ ಹೋದಾಗ ನೀನ ಬಂದು ಲಿಲಾವು ಮಾಡು. ಈಗ ಹೇಳು, ಇದೇನು? ಆ ಬಾಟ್ಲಿ ಗೊಬ್ಬರದ ತಮ್ಮನೇನು?"

ಗೊಬ್ಬರದ ಅಂಗಡಿಗೆ ಚೀಲದ ಜೊತೆ ನ್ಯಾನೋ ಯೂರಿಯಾದ ಬಾಟಲಿ ಬಂದ ಮೇಲೆ ನಮ್ಮ ಕಡೆ ನ್ಯಾನೋ ಎಂದರೆ ಎಲ್ಲರಿಗೂ ಅದೇ ನೆನಪು. ಅಕ್ಕ ಮೊದಲಿನಿಂದ ವಿವರಿಸಿದಳು. ಅವರ ಅಂಗಡಿಯ ಮೂಲೆಯಲ್ಲಿ ಎರಡು ರಾಶಿ ಇಡಲು ಜಾಗ ಕೇಳಿದಳು. ಒಂದು ಹಾಗೇ ಕಿತ್ತ ಲಿಂಬೆ, ಇನ್ನೊಂದು ಲೇಪ ಹಚ್ಚಿದ್ದು. ಲೇಪದ ರಾಶಿಯ ಮೇಲೆ ರಟ್ಟಿನ ಬೋರ್ಡು: 'ಇದಕ್ಕೆ ಜೇನುಮೇಣದ ನ್ಯಾನೋ ಲೇಪ ಹಚ್ಚಿದೆ. ನೋಡಲು ಮಾತ್ರ. ಮಾರಲು ಅಲ್ಲ, ತಿನ್ನಲು ಅಲ್ಲ.'

ನಮ್ಮ ಕಡೆ ಲಿಂಬೆ ಕೊಳ್ಳುವವರು ಬಾಯಿಂದ ಕೇಳುವುದಿಲ್ಲ, ಹೆಬ್ಬೆರಳಿನ ಉಗುರಿನಿಂದ ಕೇಳುತ್ತಾರೆ. ಸಿಪ್ಪೆಯನ್ನು ಒಮ್ಮೆ ಗೀರಿ ಮೂಗಿಗೆ ಹಿಡಿದರೆ ಕಾಯಿಯ ವಯಸ್ಸು, ತೋಟದ ನೀರು, ರೈತನ ಆತುರ ಎಲ್ಲ ತಿಳಿಯುತ್ತದೆ ಎಂದು ಅವರ ನಂಬಿಕೆ. ನಮ್ಮ ರಾಶಿಗೂ ಒಬ್ಬೊಬ್ಬರಾಗಿ ಬಂದು ಗೀರಿದರು. ಗೀರುವ ಮೊದಲು ಮೂಸಿದರೆ ವಾಸನೆ ಕಡಿಮೆ. ಗೀರಿದರೆ ಉಗುರಿನ ಸಂದಿಯಲ್ಲಿ ಏನೋ ಬೆಳ್ಳಗೆ.

"ಮೇಣ!" ಎಂದು ಒಬ್ಬ ಖರೀದಿದಾರ ಕಳ್ಳನನ್ನು ಹಿಡಿದವನಂತೆ ಕೂಗಿದ. "ಸೇಬಿಗೆ ಹಚ್ತಾರಲ್ಲ, ಅದ! ಹಳೀ ಕಾಯಿಗೆ ಪಾಲಿಶ್ ಹೊಡದಾರ."

"ಬೋರ್ಡಿನ ಮ್ಯಾಲೆ ಅದನ್ನ ಬರದೇವಲ್ರಿ ಕಾಕಾ," ಎಂದೆ.

"ಬರದ್ರ ಏನಾತು? ಕಳ್ಳತನಾ ಬರದು ಮಾಡಿದ್ರ ಸಾವ್ಕಾರಕಿ ಆಗತೈತೇನು?"

ಉತ್ತರ ಹೊಳೆಯದಾಗ ನಾನು ಎದುರಿನವನ ದನಿಯನ್ನೇ ತೆಗೆಯುತ್ತೇನೆ. ತೆಗೆದೆ. ಆ ಖರೀದಿದಾರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ದಿನಗಳು ಹೋದವು. ಲೇಪವಿಲ್ಲದ ರಾಶಿ ಹಳದಿಯಾಗಿ, ಕಂದಾಗಿ, ಸುಕ್ಕಾಯಿತು. ಲೇಪದ ರಾಶಿ ಹೊಸ ಮದುವಣಿಗನಂತೆ ಗಟ್ಟಿಯಾಗಿ ಕೂತಿತ್ತು. ಉಗುರು ಬಿದ್ದ ಕಡೆ ಮಾತ್ರ ಕಂದು ಗೀರು. ನನಗೆ ಹಬ್ಬ. ಬಂದವರಿಗೆಲ್ಲ ಆ ಗೀರು ತೋರಿಸಿ, "ನೋಡ್ರಿ, ಲೇಪ ಹೋದಲ್ಲಿ ಅಷ್ಟ ಒಣಗೈತಿ!" ಎಂದು ಭಾಷಣ ಬಿಗಿದೆ.

ಅಕ್ಕ ನಡುವೆ ಬಾಯಿ ಹಾಕಿದಳು. "ಇಲ್ರಿ. ಗೀರಿದ್ರ ಯಾವ ಲಿಂಬಿನರ ಕಂದಾಗತೈತಿ. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಗೀರದ ಇದ್ದದ್ದು ಅಷ್ಟ ನೋಡ್ರಿ."

ಇಂಥ ಮಾಲೀಕಳ ಕೈಯಲ್ಲಿ ಮಾರಾಟ ವಿಭಾಗ ಹೇಗೆ ಬದುಕಬೇಕು, ನೀವೇ ಹೇಳಿ.

ಆದರೆ ಸಾಹುಕಾರರು ಗೀರು ನೋಡಲಿಲ್ಲ, ರಾಶಿ ನೋಡಿದರು. ಗಾದಿಯ ಮೇಲೆ ಕೂರಿಸಿ ಸೋಡಾ ಕುಡಿಸಿದರು. "ತಂಗೀ, ಮಾಲು ಛಲೋ ಐತಿ. ನಾ ಬಳಕಿ ಮಾಡ್ತೇನಿ ಅಂತ ಸಹಿ ಹಾಕ್ತೇನಿ. ಸಮಿತಿ ಮುಂದ ಬಂದು ಬೇಕಾದ್ರ ಭಾಷಣಾನೂ ಮಾಡ್ತೇನಿ. ಒಂದ ಮಾತು: ಆ ಬೋರ್ಡ್ ತಗೀಬೇಕು. ಈಗ ಅಷ್ಟ ಅಲ್ಲ, ಮುಂದನೂ. ಹಚ್ಚೂಣು, ಕಳಸೂಣು. ಬಾಯಿ ಮುಚ್ಚಿಕೊಂಡು ಇರೂಣು."

ಅಕ್ಕ ಒಪ್ಪಿಗೆಯ ಕಾಗದದಲ್ಲಿ ತಾನಾಗಿಯೇ ಒಂದು ಸಾಲು ಸೇರಿಸಿದ್ದಳು: ಪರೀಕ್ಷೆ ಪಾಸಾದ ಮೇಲೂ ಲೇಪ ಹಚ್ಚಿದ್ದನ್ನು ಹೇಳಿಯೇ ಮಾರುತ್ತೇವೆ. ಸಾಹುಕಾರರಿಗೆ ಬೇಡವಾದದ್ದು ಆ ಸಾಲು.

"ಹೇಳಿದ್ರ ಡೆಲ್ಲಿಯವ ರೇಟ್ ಇಳಸ್ತಾನವ್ವಾ. ಬಾಜೂ ಅಂಗಡಿಯಾಂವ ಹೇಳದ ಮಾರ್ತಾನ. ಹೇಳಿದಾಂವ ನಾನೊಬ್ಬಾವ ಹುಚ್ಚ ಆಗ್ತೇನಿ. ಸರ್ಕಾರ ಏನ್ ಹೇಳ್ರಿ ಅಂತ ಕೇಳೈತೇನು?"

"ಕೇಳಿಲ್ರಿ," ಎಂದಳು ಅಕ್ಕ.

"ಮತ್ತ?"

"ಕೇಳಬೇಕಾಗಿತ್ರಿ."

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಸೋಡಾ ಬಾಟಲಿಯ ಒಳಗೆ ನೋಡಿದೆ. ಅಕ್ಕ ನಮಸ್ಕಾರ ಮಾಡಿ ಎದ್ದಳು.

ಬೈಕ್ ಸಿಂದಗಿಯ ರಸ್ತೆ ಹಿಡಿದ ಮೇಲೆ ನಾನು ತಡೆದಿಟ್ಟದ್ದೆಲ್ಲ ಹೊರಬಂತು. ಗಾಳಿಗೆ ದನಿ ಏರಿಸಿ ಕೂಗಿದೆ. "ಸರ್ಕಾರನ ಕೇಳದ ಷರತ್ತು ನೀ ಯಾಕ ಹಾಕ್ಕೋತಿ? ಕೈಗೆ ಬಂದ ಗಿರಾಕಿ ಅಕ್ಕಾ! ಒಂದ ಸಾಲು ತಗದಿದ್ರ ಯಂತ್ರ ಉಳೀತಿತ್ತು!"

"ತಗದ್ರ ಯಂತ್ರ ಉಳೀತೈತಿ. ಮುಂದೊಂದಿನ ಯಾರರ ಗೀರಿ ನೋಡಿ ಮೇಣ ಅಂತ ಕೂಗಿದ್ರ? ಆಗ ನನ್ನ ಲೇಪ ಅಷ್ಟ ಅಲ್ಲ, ಇಂಡಿ ಲಿಂಬಿನ ಹೆಸರ ಕೆಡತೈತಿ."

"ಆಗಿಂದು ಆಗ ನೋಡೂಣು."

"ಆಗಿಂದ ಈಗ ನೋಡೂದಕ್ಕ ನಾ ಓದಿದ್ದು. ಬೈಕ್ ನೆಟ್ಟಗ ಹೊಡಿ."

ನಾನು ಅವಳ ದನಿಯಲ್ಲೇ "ಬೈಕ್ ನೆಟ್ಟಗ ಹೊಡಿ" ಎಂದು ಮೂರ್ನಾಲ್ಕು ಸಲ ಅಣಕಿಸಿದೆ. ಅವಳು ಹಿಂದಿನಿಂದ ಹೆಲ್ಮೆಟ್ಟಿಗೆ ಒಂದು ಕೊಟ್ಟಳು. ಒಳಗಿನ ತಲೆಗೆ ಏನೂ ಆಗಲಿಲ್ಲ, ಅಲ್ಲಿ ಆಗುವಂಥದ್ದೇನೂ ಇಲ್ಲ ಎಂದು ಅವಳ ಅಭಿಪ್ರಾಯ.

ನಾವು ಹೊರಟಿದ್ದು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ. ಅಲ್ಲಿ ಲಿಂಬೆ ಮಾರುವ ಹೆಂಗಸರ ಒಂದು ಗುಂಪಿದೆ. ತಾವೇ ಕಿತ್ತು, ತಾವೇ ಬುಟ್ಟಿ ಹೊತ್ತು, ಸಿಂದಗಿಯ ಸಂತೆಯಲ್ಲಿ ಕೂತು ಮಾರುತ್ತಾರೆ. ಉಳಿದದ್ದಕ್ಕೆ ಹಸಿ ಗೋಣಿ ಹೊದಿಸಿ ಮರುದಿನ ಮತ್ತೆ ಹೊರುತ್ತಾರೆ. ಅವರ ಮುಖ್ಯಸ್ಥೆಯನ್ನು ನಾವೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಎನ್ನುತ್ತೇವೆ. ಕಾಕುನ ಮನೆಯಲ್ಲಿ ಲೇಪ ಹಚ್ಚಿದ ಒಂದು ಬುಟ್ಟಿ ಲಿಂಬೆಯನ್ನು ಅದೇ ರಟ್ಟಿನ ಬೋರ್ಡಿನ ಸಮೇತ ಮೊದಲೇ ಇಟ್ಟು ಬಂದಿದ್ದೆವು. ಎಷ್ಟು ದಿನ ಉಳಿಯುತ್ತವೆ, ನೋಡಿ ಹೇಳಿ ಎಂದಿದ್ದೆವು.

ಅಂಗಳಕ್ಕೆ ಕಾಲಿಡುತ್ತಲೇ ಕಾಕು ಸೆರಗು ಸೊಂಟಕ್ಕೆ ಸಿಗಿಸಿದಳು.

"ಬಂದ್ರೇನು? ಬರ್ರಿ, ಬರ್ರಿ. ನಿಮ್ಮ ಲಿಂಬಿ ನೋಡ್ರಿ ಬರ್ರಿ. ಎಂಥಾ ದೆವ್ವ ಹೊಕ್ಕೈತೋ ಏನೋ, ಉಪ್ಪ ಹಿಡೀವಲ್ದು!"

"ಉಪ್ಪು?" ಎಂದಳು ಅಕ್ಕ.

ಕಾಕು ಚೀನಿ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ತೋರಿಸಿದಳು. ಉಪ್ಪುನೀರಿನಲ್ಲಿ ಇಡಿ ಇಡಿಯಾಗಿ ನಮ್ಮ ಲಿಂಬೆ. ಈ ಹೊತ್ತಿಗೆ ಸಿಪ್ಪೆ ಮೆತ್ತಗಾಗಿ ಬಣ್ಣ ತಿರುಗಬೇಕಿತ್ತು. ಅವು ಮಾತ್ರ ಈಜಲು ಬಂದ ಹುಡುಗರಂತೆ ಗಟ್ಟಿಯಾಗಿ ತೇಲುತ್ತಿದ್ದವು. ಲೇಪ ನೀರನ್ನು ಒಳಗಿನಿಂದ ಹೊರಗೂ ಬಿಡುವುದಿಲ್ಲ, ಉಪ್ಪನ್ನು ಹೊರಗಿನಿಂದ ಒಳಗೂ ಬಿಡುವುದಿಲ್ಲ. ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಮಾಡಿರಲಿಕ್ಕಿಲ್ಲ. ನನಗೆ ಕುಣಿಯಬೇಕು ಅನ್ನಿಸಿತು.

ಅಕ್ಕನಿಗೆ ಅಳು ಬಂದಂತಿತ್ತು. "ಕಾಕೂ, ತಿನ್ನಬ್ಯಾಡ್ರಿ ಅಂತ ಹೇಳಿದ್ದೆ. ಬೋರ್ಡ್ ಇತ್ತಲ್ರಿ."

"ಹೇಳಿದ್ದು ನನಗ. ಉಪ್ಪಿನಕಾಯಿ ಹಾಕಿದಾಕಿ ಸೊಸಿ. ಆಕಿ ತವರಮನಿಗೆ ಹೋಗಿದ್ದಳು, ಬಂದು ನೋಡಿದಳು. ಬುಟ್ಟಿತುಂಬ ಛಲೋ ಲಿಂಬಿ ಸುಮ್ಕ ಕುಂತಾವ. ನಮ್ಮ ಮನ್ಯಾಗ ಲಿಂಬಿ ಸುಮ್ಕ ಕುಂಡರೂ ಪದ್ಧತಿ ಇಲ್ಲ. ಹಾಕಿಬಿಟ್ಟಳು."

"ಮತ್ತ ಬೋರ್ಡು?"

ಒಳಗಿನಿಂದ ಸೊಸೆಯ ದನಿ: "ರಟ್ಟೇನ್ರಿ? ಅದು ಒಲಿ ಹಚ್ಚಾಕ ಆತ್ರಿ."

ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಯಾರಾದರೂ ತಿಂದಿದ್ದಾರೆಯೇ ಎಂದು ಕೇಳಿದಳು. ಕಾಕುನ ಗಂಡ ಕಟ್ಟೆಯ ಮೇಲಿಂದ ಕೈ ಎತ್ತಿದರು, ಶಾಲೆಯಲ್ಲಿ ಹಾಜರಿ ಹೇಳುವಂತೆ. "ನಾ ಒಂದ್ ನೆಕ್ಕಿ ನೋಡೇನಿ. ಸಪ್ಪಗಿತ್ತು, ಇಟ್ಟೆ."

ಅಕ್ಕ ಅವರ ಹತ್ತಿರ ಕೂತು ವೈದ್ಯೆಯಂತೆ ವಿಚಾರಿಸಿದಳು. ಅದರಲ್ಲಿರುವುದು ತಿನ್ನುವ ಮೇಣ, ತಿನ್ನುವ ಎಣ್ಣೆ, ಅಂಜುವಂಥದ್ದೇನೂ ಇಲ್ಲ ಎಂದು ತನಗೆ ಅನ್ನಿಸುತ್ತದೆ, ಆದರೆ ಇಷ್ಟು ಸಣ್ಣ ಗಾತ್ರದಲ್ಲಿ ಅದು ಇನ್ನೂ ಪರೀಕ್ಷೆಯಾಗಿಲ್ಲ, ಆದ್ದರಿಂದ ಖಾತ್ರಿ ಎಂದು ಹೇಳಲು ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ಜಾಡಿಯಲ್ಲಿರುವುದನ್ನೆಲ್ಲ ಚೆಲ್ಲಬೇಕು ಎಂದಳು.

ಈಗ ಕಾಕುಗೆ ನಿಜವಾದ ಸಿಟ್ಟು ಬಂತು. "ಚೆಲ್ಲೂದು? ಉಪ್ಪಿನಕಾಯಿ ಚೆಲ್ಲೂದು? ನಿನಗ ಖಾತ್ರಿ ಇಲ್ಲದ್ದನ್ನ ನನ್ನ ಮನ್ಯಾಗ ಯಾಕ ತಂದಿಟ್ಟಿ? ನಾವೇನ್ ಇಲಿ ಏನು?"

"ಅಲ್ರಿ ಕಾಕೂ. ತಪ್ಪು ನಂದ ಐತಿ. ಬೋರ್ಡ್ ಬುಟ್ಟಿ ಮ್ಯಾಲೆ ಇಟ್ಟೆ. ಬುಟ್ಟಿಗಿಂತ ಮುಂದಕ್ಕ ಯೋಚನೆ ಮಾಡಲಿಲ್ಲ."

"ಮುದ್ದೇಬಿಹಾಳದಾಗ ನಿಮ್ಮ ಸಭಾ ಐತೆಲ್ಲ? ನಾ ಅಲ್ಲಿಗೇ ಬರ್ತೇನಿ. ದೊಡ್ಡ ಸಾಹೇಬ್ರ ಮುಂದ ಎಲ್ಲಾ ಹೇಳ್ತೇನಿ."

ನಾನು ಅಕ್ಕನ ಹಿಂದೆ ನಿಂತು ಬೇಡ, ಬೇಡ ಎಂದು ಕೈಸನ್ನೆ ಮಾಡುತ್ತಿದ್ದೆ. ಅಕ್ಕನಿಗೆ ಬೆನ್ನಿಗೆ ಕಣ್ಣಿಲ್ಲ. "ಬರ್ರಿ ಕಾಕೂ," ಎಂದಳು. "ಬಂದು ಹೇಳ್ರಿ. ಅದು ಯಾರ ಬೇಕಾದ್ರೂ ಬರೂ ಸಭಾ."

ಜಾಡಿಯ ಲಿಂಬೆಯನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತೆವು. ತೋಡಿದವನು ಕಂಪನಿಯ ಹಮಾಲ. ಕಾಕು ಪಕ್ಕದಲ್ಲಿ ನಿಂತು, ಸತ್ತವರ ಮನೆಯ ಮುಖ ಮಾಡಿಕೊಂಡು, ಗುಂಡಿ ಸಾಕಷ್ಟು ಆಳ ಇಲ್ಲ ಎಂದು ಎರಡು ಸಲ ತೋಡಿಸಿದಳು.

ಮರುದಿನದಿಂದ ಅಕ್ಕ ದಿನಾ ಬೆಳಿಗ್ಗೆ ಕಾಕುನ ಗಂಡನಿಗೆ ಫೋನ್ ಮಾಡಿ ಹೊಟ್ಟೆಯ ಸಮಾಚಾರ ಕೇಳತೊಡಗಿದಳು. ಅವರಿಗೆ ಅದೊಂದು ಖುಷಿ. ನಮ್ಮ ಫೋನ್ ತಡವಾದರೆ ಅವರೇ ಮಾಡುತ್ತಿದ್ದರು. "ಇಷ್ಟ್ ವರ್ಷದಾಗ ನನ್ನ ಹೊಟ್ಟಿ ಯಾರೂ ಕೇಳಿದ್ದಿಲ್ಲವ್ವಾ. ಛಲೋ ಐತಿ. ನಾಳೆನೂ ಕೇಳು."

ಸಭೆಯ ದಿನ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆವು. ಮಾವನೂ ಬಂದಿದ್ದ, ಇಸ್ತ್ರಿ ಮಾಡಿದ ಧೋತರದಲ್ಲಿ. ಅಕ್ಕನ ಕೈಯಲ್ಲಿ ಎರಡೂ ರಾಶಿಯ ಫೋಟೋಗಳಿದ್ದವು, ಬಳಕೆದಾರನ ಒಪ್ಪಿಗೆ ಇರಲಿಲ್ಲ. ದಾರಿಯಲ್ಲಿ ನಾನು ಕೊನೆಯ ಸಲ ಕೇಳಿದೆ: "ಸಾಹುಕಾರ್ರಿಗೆ ಈಗ್ಲೂ ಒಂದ್ ಫೋನ್ ಮಾಡೂಣೇನು?"

"ಬ್ಯಾಡ."

"ನಾ ನಿನ್ನ ದನಿಯಾಗ ಮಾಡ್ತೇನಿ, ನಿನಗ ತ್ರಾಸ ಇಲ್ಲ."

"ಮಾಡಿ ನೋಡು. ಆಮ್ಯಾಗ ನಿನಗ ಯಾವ ದನಿನೂ ಇರಂಗಿಲ್ಲ."

ಅಲ್ಲಿಯ ಕಾಲೇಜೊಂದರ ಸಭಾಂಗಣದಲ್ಲಿ ಸಮಿತಿ ಕೂತಿತ್ತು. ಅಧ್ಯಕ್ಷರು ಮೈಸೂರು ಕಡೆಯ ಪ್ರಾಧ್ಯಾಪಕರು, ಮಾತು ಬೆಲ್ಲದ ಪಾಕದಂತೆ ನಿಧಾನ. ಎದುರಿಗೆ ರೈತರು, ವ್ಯಾಪಾರಿಗಳು, ವಿದ್ಯಾರ್ಥಿಗಳು. ಮೂರನೆಯ ಸಾಲಿನಲ್ಲಿ ನಮ್ಮ ಇಂಡಿ ಸಾಹುಕಾರರು! ಬೇರೆ ಯಾವುದೋ ಶೈತ್ಯಾಗಾರದ ವಿಷಯಕ್ಕೆ ಬಂದಿದ್ದರು. ನನಗೆ ಕಣ್ಣು ಹೊಡೆದರು.

ಅಕ್ಕ ಫೋಟೋ ತೋರಿಸಿ ವಿವರಿಸಿದಳು. ಅಧ್ಯಕ್ಷರು ತಲೆದೂಗಿದರು. "ತುಂಬಾ ಚೆನ್ನಾಗಿದೆಯಮ್ಮಾ. ಬಳಕೆದಾರರ ಒಪ್ಪಿಗೆ ಎಲ್ಲಿ?"

"ಇಲ್ಲ ಸರ್."

"ಯಾಕೆ? ಯಾರಿಗೂ ಇಷ್ಟ ಆಗಲಿಲ್ಲವಾ?"

"ಇಷ್ಟ ಆಗಿದೆ ಸರ್. ಆದರೆ ಹೇಳದೆ ಮಾರುತ್ತೇವೆ ಅಂದರು. ಹೇಳಿ ಮಾರಬೇಕು ಅನ್ನುವುದು ನನ್ನ ಷರತ್ತು." ಅವಳ ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. "ಸರ್, ಒಬ್ಬಾಕಿನ ಹೇಳಿದ್ರ ಹೇಳಿದಾಕಿಗೆ ಲುಕ್ಸಾನು, ಹೇಳದವಗ ಫಾಯ್ದೆ. ಎಲ್ಲಾರೂ ಹೇಳಬೇಕು ಅಂತ ನಿಮ್ಮ ನೀತಿಯೊಳಗ ಬರೀರಿ. ಆಗ ಸಹಿ ಮಾಡಾಕ ಮಂದಿ ತಾವಾಗೇ ಬರ್ತಾರ. ನೆರವು ಕೊಡದಿದ್ರೂ ನಡೀತೈತಿ, ಇದನ್ನ ಬರಕೊಳ್ರಿ."

ಹಿಂದಿನ ಸಾಲಿನಲ್ಲಿದ್ದ ಮಾವ "ಹೌದು!" ಎಂದು ಕೂಗಿ, ತಾನೇ ಬೆಚ್ಚಿ ಕೂತ. ಅಧ್ಯಕ್ಷರು ಕನ್ನಡಕ ತೆಗೆದರು. ನಿಮ್ಮ ಸಲಹೆ ದಾಖಲಿಸುತ್ತೇವೆ, ಆದರೆ ಷರತ್ತು ಪೂರೈಸದೆ ಆಯ್ಕೆ ಸಾಧ್ಯವಿಲ್ಲ ಎಂದು ಬೆಲ್ಲದ ಪಾಕದಲ್ಲೇ ಹೇಳಿದರು. ಅಕ್ಕ ಫೋಟೋಗಳನ್ನು ಜೋಡಿಸಿ ಚೀಲಕ್ಕೆ ಹಾಕತೊಡಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಕಾಕು, ಅವಳ ಸೊಸೆ, ಗುಂಪಿನ ಹೆಂಗಸರು. ಬಸ್ ತಡವಾಗಿತ್ತಂತೆ, ಕಂಡಕ್ಟರನನ್ನು ಬೈದ ಸಿಟ್ಟು ಇನ್ನೂ ಆರಿರಲಿಲ್ಲ. "ಸಾಹೇಬ್ರ, ನಂದೊಂದು ತಕರಾರ ಐತ್ರಿ!"

ನಾನು ಕುರ್ಚಿಯಲ್ಲಿ ನ್ಯಾನೋ ಗಾತ್ರಕ್ಕೆ ಇಳಿದೆ.

ಕಾಕು ಏನನ್ನೂ ಬಿಡಲಿಲ್ಲ. ಬುಟ್ಟಿ, ಜಾಡಿ, ಉಪ್ಪು, ಗಂಡನ ನಾಲಿಗೆ, ಹಿತ್ತಲ ಗುಂಡಿ ಎಲ್ಲ ಹೇಳಿದಳು. ಸಭೆ ನಗುತ್ತಿತ್ತು, ಅವಳು ನಗಲಿಲ್ಲ. ಅಧ್ಯಕ್ಷರು ಕೇಳಿದರು: "ಹಾಗಾದ್ರೆ ಇವರ ಲೇಪ ನಿಮಗೆ ಬೇಡ ಅಂತ ಹೇಳೋದಕ್ಕೆ ಬಂದ್ರಾ?"

"ಬ್ಯಾಡ ಅಂತ ಯಾರ್ ಅಂದಾರ್ರಿ? ನಾ ಸಂತ್ಯಾಗ ಕುಂತು ಮಾರಾಕಿ. ಸಂಜಿಗೆ ಉಳದದ್ದು ಮರುದಿನ ಸುಕ್ಕಾಗತೈತಿ. ಇವು ಉಪ್ಪಿನಾಗ ಹಾಕಿದ್ರೂ ಸುಕ್ಕಾಗಲಿಲ್ಲ! ನಂದು ತಕರಾರ ಬೋರ್ಡಿಂದು. ರಟ್ಟಿನ ಬೋರ್ಡ್ ಒಲಿಗೆ ಹೋಗತೈತ್ರಿ. ನನಗ ಹೇಳಿದ್ದು ಸೊಸಿಗೆ ಮುಟ್ಟಲಿಲ್ಲ. ಸಂತ್ಯಾಗ ತಗೊಂಡ ಹೋದಾಕಿ ಅಡಗಿ ಮನಿಗೆ ಹೆಂಗ ಮುಟ್ಟತೈತಿ? ಚೀಲದ ಮ್ಯಾಲೆ ಬರೀರಿ. ಕಡೀಗೆ ಕೊಯ್ಯೂ ಕೈಗೆ ಗೊತ್ತಾಗಬೇಕು. ಉಪ್ಪಿನಕಾಯಿಗೆ ಆಗಂಗಿಲ್ಲ ಅನ್ನೂದೂ ಬರೀರಿ, ಪಾಪ."

"ಹಾಗೆ ಬರೆದರೆ ಕೊಳ್ಳುವವರು ಹೆದರುವುದಿಲ್ವೇನಮ್ಮಾ?"

"ಕೇಳ್ತಾರ್ರಿ. ಕೇಳಿದ್ರ ಹೇಳ್ತೇನಿ. ನನ್ನ ಗಿರಾಕಿ ಡೆಲ್ಲಿಯಾಗಿಲ್ಲ, ನನ್ನೆದುರಿಗೇ ಕುಕ್ಕರಗಾಲಿಲೆ ಕುಂತಿರ್ತಾಳ. ಈಕಿ" ಎಂದು ಅಕ್ಕನತ್ತ ಗದ್ದ ಎತ್ತಿದಳು, "ಖಾತ್ರಿ ಇಲ್ಲ ಅಂತ ನನ್ನ ಮುಖಕ್ಕ ಹೇಳಿದಳು. ಖಾತ್ರಿ ಆದ ದಿನ ಐತಿ ಅಂತಾಳಲ್ಲ, ಆಗ ಹಚ್ತೇವಿ. ಪರೀಕ್ಷಾ ಪಾಸಾಗಲಿ ಮೊದಲ."

ಅಧ್ಯಕ್ಷರು ಪಕ್ಕದವರೊಂದಿಗೆ ಪಿಸುಗುಟ್ಟಿದರು. ಆಮೇಲೆ ಅದನ್ನೇ ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿದರು. ಕಾಕು ಸೊಸೆಯನ್ನು ಮುಂದೆ ತಳ್ಳಿದಳು. ಅವಳು ಅಕ್ಕನ ಕಾಗದದಲ್ಲಿ 'ಹೇಳಿಯೇ ಮಾರುತ್ತೇವೆ' ಎಂಬ ಸಾಲಿನ ಕೆಳಗೆ 'ಚೀಲದ ಮೇಲೆ ಬರೆದು' ಎಂದು ಸೇರಿಸಿದಳು. ಗುಂಪಿನವರೆಲ್ಲ ಸಹಿ ಹಾಕಿದರು.

ಹೀಗೆ ಆಯ್ಕೆ ಆಯಿತು. ಹೇಳಿ ಮಾರಬೇಕು ಎಂಬ ಮಾತು ಸದ್ಯಕ್ಕೆ ಆ ಯೋಜನೆಯಲ್ಲಿ ನೆರವು ಪಡೆಯುವವರಿಗೆಲ್ಲ ಷರತ್ತಾಗಿದೆ. ಎಲ್ಲರಿಗೂ ನಿಯಮವಾಗುವುದಕ್ಕೆ ಇನ್ನೂ ಎಷ್ಟು ಸಭೆಗಳು ಬೇಕೋ. ಯಂತ್ರ ಬಾಗೇವಾಡಿಯಲ್ಲೇ ಇದೆ. ಲೇಪದ ಮಾದರಿಗಳು ಪ್ರಯೋಗಾಲಯಕ್ಕೆ ಹೋಗಿವೆ, ಫಲಿತಾಂಶ ಇನ್ನೂ ಬಂದಿಲ್ಲ. ಪಾಸಾಗದಿದ್ದರೆ ಏನು ಎಂದು ಅಕ್ಕನನ್ನು ಕೇಳಿದೆ. "ಯಾಕ ಆಗಲಿಲ್ಲ ಅಂತ ನೋಡೂದು, ಮತ್ತ ಮಾಡೂದು," ಎಂದಳು. ಬಿಸಿನೀರಿನಲ್ಲಿ ತೊಳೆದರೆ ಬಿಟ್ಟುಹೋಗುವಂಥ ಇನ್ನೊಂದು ಲೇಪದ ಕೆಲಸವನ್ನು ಈಗಾಗಲೇ ಶುರು ಮಾಡಿದ್ದಾಳೆ. 'ಉಪ್ಪಿನಕಾಯಿಗೆ ಆಗಂಗಿಲ್ಲ' ಎಂದು ಬರೆಯಬೇಕಾಗಿ ಬಂದದ್ದು ಅವಳಿಗೆ ಚುಚ್ಚುತ್ತಿದೆ. ಕಾಕುನ ಗಂಡನ ಹೊಟ್ಟೆ ಚೆನ್ನಾಗಿದೆ.

ಚೀಲದ ಮೇಲೆ ಏನು ಬರೆಯಬೇಕು ಎಂಬುದು ನನಗೆ ವಹಿಸಿದ ಕೆಲಸ. ನಾನು ಪ್ರಾಸ ಹಾಕಿ ಬರೆದೆ, ಅಕ್ಕ ಹೊಡೆದು ಹಾಕಿದಳು. ತಮಾಷೆಯಾಗಿ ಬರೆದೆ, ಅದನ್ನೂ ಹೊಡೆದಳು. ಜಾಹೀರಾತಿನವರ ದನಿಯಲ್ಲಿ ಬರೆದೆ, ಕಾಗದವನ್ನೇ ಹರಿದಳು. ಕೊನೆಗೆ ಏನು ಇದೆಯೋ ಅದನ್ನು ಬರೆದೆ. ಬರೆಯಲು ಬಹಳ ಕಷ್ಟವಾಯಿತು, ಓದಲು ಬಹಳ ಸುಲಭವಾಗಿದೆ.

ಮೊನ್ನೆ ಷೆಡ್ಡಿನಲ್ಲಿದ್ದಾಗ ಇಂಡಿಯ ಸಾಹುಕಾರರ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ.

"ತಂಗೀ, ಪರೀಕ್ಷಾ ಪಾಸಾದ ಮ್ಯಾಲೆ ನಾನೂ ನಿನ್ನ ಲೇಪ ಹಚ್ಚಿ ಚೀಲದ ಮ್ಯಾಲೆ ಬರೀತೇನಿ ಅಂತ ಇಟ್ಟುಕೋ. ಷರತ್ತು ಆದಮ್ಯಾಲೆ ಬರಿಯಾಕ ಬೇಕಲ್ಲ. ಆದ್ರ ಅಕ್ಷರ ಜರಾ ಸಣ್ಣದು ಮಾಡಬೌದಲ್ಲ? ಸಣ್ಣದು ಮಾಡೂದು ನಿನಗೇನ್ ಹೊಸದಲ್ಲ."

ಅಕ್ಕ ಯಂತ್ರದ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು: "ಚೀಲದ ಮ್ಯಾಲೆ ಇಂಡಿ ಲಿಂಬಿ ಅಂತ ಎಷ್ಟ್ ದೊಡ್ಡದು ಬರೀತೀರಿ ಸಾವ್ಕಾರ್ರ?"

"ಗೇಣುದ್ದ."

"ಇದೂ ಗೇಣುದ್ದ," ಎಂದು ಸ್ವಿಚ್ ಹಾಕಿದಳು.